ಕಿರ್ದಿ ಗೊತ್ತಿಲ್ಲದವರ ಮೊಂಗೊಡಿಬಿ

ಠಾಣೆ, ಅಂಧೇರಿ, ದಾದರ್, ಯಾವ ಸ್ಟೇಷನ್ನಿನಿಂದ ಹೊರಬಿದ್ದರೂ ಕಂಪ್ಯೂಟರ್ ಕ್ಲಾಸುಗಳ ಬೋರ್ಡುಗಳು ಎದುರಾಗುತ್ತವೆ. ಒಂದು ಕಾಲಕ್ಕೆ ಅಲ್ಲಿ ಟೈಪಿಂಗ್, ಟ್ಯಾಲಿ ಎಂದಿರುತ್ತಿತ್ತು. ಈಗ ಫುಲ್ ಸ್ಟ್ಯಾಕ್, ಮರ್ನ್, ಬಿಗ್ ಡೇಟಾ. ಮರ್ನ್ ಎಂಬ ಮಂತ್ರದ ಮೊದಲ ಅಕ್ಷರ ಮೊಂಗೊಡಿಬಿಯದು. ಡೊಂಬಿವಲಿಯಿಂದಲೋ ನಾಲಾಸೋಪಾರಾದಿಂದಲೋ ನಿಂತುಕೊಂಡೇ ಬಂದು, ಅಪ್ಪ ಹೋಟೆಲಿನ ಕೌಂಟರಿನಲ್ಲಿ ದುಡಿದು ಉಳಿಸಿದ ಹಣವನ್ನು ಫೀಸು ಕಟ್ಟಿ, ಅಲ್ಲಿ ಕೂರುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಒಂದು ಸುಳ್ಳನ್ನು ಹೇಳಿಕೊಡಲಾಗುತ್ತದೆ: ಇದಕ್ಕೆ ಸ್ಕೀಮಾ ಬೇಡ, ಟೇಬಲ್ ಬೇಡ, ಮಾಹಿತಿಯನ್ನು ಹೇಗಿದೆಯೋ ಹಾಗೆ ಎತ್ತಿ ಹಾಕಿದರಾಯಿತು.

ಈ ಸುಳ್ಳು ಯಾಕೆ ಮಾರಾಟವಾಗುತ್ತದೆ ಎಂಬುದು ಕಷ್ಟದ ಪ್ರಶ್ನೆಯಲ್ಲ. ವಿನ್ಯಾಸ ಕಲಿಸಲು ತಿಂಗಳುಗಳು ಬೇಕು, ಕಲಿಸುವವನಿಗೂ ಅದು ಗೊತ್ತಿರಬೇಕು. ಇನ್ಸರ್ಟ್, ಫೈಂಡ್, ಅಪ್‌ಡೇಟ್, ಡಿಲೀಟ್ ಎಂಬ ನಾಲ್ಕು ಆಜ್ಞೆ ಕಲಿಸಲು ಒಂದು ಭಾನುವಾರ ಸಾಕು. ನಾಲ್ಕು ಆಜ್ಞೆ ಕಲಿತವನ ಕೈಗೆ ಸರ್ಟಿಫಿಕೇಟು ಬರುತ್ತದೆ. ಸ್ಕೀಮಾ ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಡೇಟಾಬೇಸಿನಿಂದ ಹೊರದಬ್ಬಿಸಿಕೊಂಡು ಅಪ್ಲಿಕೇಶನ್ನಿನ ಕೋಡಿನೊಳಗೆ, ಆಮೇಲೆ ಬರೆದವನ ತಲೆಯೊಳಗೆ ಹೋಗಿ ಕೂತಿರುತ್ತದೆ. ಅವನು ಕೆಲಸ ಬಿಟ್ಟ ದಿನ ಅದೂ ಅವನ ಜೊತೆ ಲೋಕಲ್ ಹತ್ತುತ್ತದೆ.

ಮುಂಬಯಿಯ ಕನ್ನಡಿಗರಿಗೆ ಇದನ್ನು ಅರ್ಥ ಮಾಡಿಸಲು ನ್ಯೂಯಾರ್ಕಿನ ಉದಾಹರಣೆ ಬೇಡ. ಮಾಟುಂಗದ ಒಂದು ಉಡುಪಿ ಹೋಟೆಲು ಸಾಕು.

ಗಿರಾಕಿಯ ಬಿಲ್ಲನ್ನೇ ನೋಡಿ. ಎರಡು ಇಡ್ಲಿ, ಒಂದು ಮಸಾಲೆ ದೋಸೆ, ಅದು ಜೈನ್, ಅಂದರೆ ಈರುಳ್ಳಿ ಬಟಾಟೆ ಇಲ್ಲ, ಒಂದು ಕಾಪಿ, ಅದಕ್ಕೆ ಸಕ್ಕರೆ ಕಡಿಮೆ. ಇದನ್ನು ಟೇಬಲ್ಲುಗಳಲ್ಲಿ ಇಡಬೇಕಾದರೆ ಬಿಲ್ಲಿಗೊಂದು, ತಿಂಡಿಯ ಸಾಲುಗಳಿಗೊಂದು, ಪ್ರತಿ ಸಾಲಿನ ವಿಶೇಷ ಸೂಚನೆಗೆ ಮತ್ತೊಂದು ಬೇಕಾಗುತ್ತದೆ. ಡಾಕ್ಯುಮೆಂಟ್ ಡೇಟಾಬೇಸಿನಲ್ಲಿ ಇಡೀ ಬಿಲ್ಲು ಒಂದೇ ದಾಖಲೆ. ತಿಂಡಿಗಳು ಅದರೊಳಗೇ, ಸೂಚನೆಗಳು ಆ ತಿಂಡಿಗಳೊಳಗೇ. ಬೇಕೆಂದಾಗ ಒಂದೇ ಏಟಿಗೆ ಪೂರ್ತಿ ಬಿಲ್ಲು ಕೈಗೆ ಬರುತ್ತದೆ. ದೋಸೆಯ ದರವನ್ನೂ ಬಿಲ್ಲಿನೊಳಗೇ ಬರೆದಿಡುವುದು ಇಲ್ಲಿ ತಪ್ಪಲ್ಲ, ಸರಿಯಾದ ಕ್ರಮ. ನಾಳೆ ದೋಸೆಯ ದರ ಏರಿದರೂ ನಿನ್ನೆಯ ಬಿಲ್ಲು ಬದಲಾಗಬಾರದು. ಈ ಬಗೆಯ ಮಾಹಿತಿಗೆ ಮೊಂಗೊಡಿಬಿ ಹೇಳಿ ಮಾಡಿಸಿದಂತಿದೆ. ಅದನ್ನು ಆಟಿಕೆ ಎಂದು ಮೂಗು ಮುರಿಯುವ ಹಳೆಯ ಒರಾಕಲ್ ಪಂಡಿತರು ಈ ಬಿಲ್ಲನ್ನೊಮ್ಮೆ ನೋಡುವುದು ಒಳ್ಳೆಯದು.

ಈಗ ಅದೇ ಹೋಟೆಲಿನ ತಿಂಗಳ ಲೆಕ್ಕದ ಗಿರಾಕಿಯನ್ನು ತೆಗೆದುಕೊಳ್ಳಿ. ಪಕ್ಕದ ಆಫೀಸಿಗೆ ದಿನಕ್ಕೆ ಮೂವತ್ತು ಚಹಾ ಹೋಗುತ್ತದೆ. ಬಿಲ್ಲಿನೊಳಗೆ ತಿಂಡಿ ಇಟ್ಟಂತೆ ಗಿರಾಕಿಯ ದಾಖಲೆಯೊಳಗೆ ಅವನ ಎಲ್ಲ ಬಿಲ್ಲುಗಳನ್ನೂ ತುರುಕಿದರೆ ಹೇಗೆ? ಕ್ಲಾಸಿನಲ್ಲಿ ಕಲಿತವರು ಹೀಗೇ ಮಾಡುತ್ತಾರೆ. ಮೊದಲ ತಿಂಗಳು ಸೊಗಸಾಗಿ ನಡೆಯುತ್ತದೆ. ಆದರೆ ಆ ಪಟ್ಟಿಗೆ ಕೊನೆಯೇ ಇಲ್ಲ. ದಾಖಲೆ ದಪ್ಪವಾದಂತೆ ಅದನ್ನು ಓದುವ ಬರೆಯುವ ಖರ್ಚೂ ಏರುತ್ತದೆ. ಮೊಂಗೊಡಿಬಿಯಲ್ಲಿ ಒಂದು ದಾಖಲೆ 16 ಎಂಬಿ ಮೀರುವಂತಿಲ್ಲ. ಗೋಡೆಗೆ ಮೊದಲು ಢಿಕ್ಕಿ ಹೊಡೆಯುವುದು ಅತಿ ಹಳೆಯ, ಅತಿ ಹೆಚ್ಚು ವ್ಯಾಪಾರ ಕೊಡುವ ಗಿರಾಕಿಯ ಖಾತೆಯೇ.

ಯಾವುದನ್ನು ಒಳಗಿಡಬೇಕು, ಯಾವುದನ್ನು ಹೊರಗಿಟ್ಟು ಕೊಂಡಿ ಹಾಕಬೇಕು ಎಂಬ ವಿವೇಚನೆಯೇ ಈ ವಿದ್ಯೆಯ ಜೀವ. ಮಿಕ್ಕದ್ದೆಲ್ಲ ಕೀಬೋರ್ಡು ಕುಟ್ಟುವುದು.

ಈ ವಿವೇಚನೆ ಕನ್ನಡ ನಾಡಿನ ಅಂಗಡಿಕಾರರಿಗೆ ಹೊಸದಾಗಿರಲಿಲ್ಲ. ಅವರಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ದಿನದ ವ್ಯವಹಾರ ನಡೆದ ಕ್ರಮದಲ್ಲೇ ಬರೆಯುವ ಕಿರ್ದಿ ಒಂದು, ಆಸಾಮಿವಾರು ಬರೆಯುವ ಖತಾವಣಿ ಇನ್ನೊಂದು. ಒಂದೇ ವ್ಯವಹಾರ ಎರಡು ಕಡೆ ಬರೆದಿರುತ್ತಿತ್ತು. ಯಾಕೆ? ಪ್ರಶ್ನೆಗಳು ಎರಡಿದ್ದವು. ಇವತ್ತು ಏನೇನು ನಡೆಯಿತು ಎಂಬುದು ಒಂದು, ಇಂಥವನಿಂದ ಬರಬೇಕಾದ ಬಾಕಿ ಎಷ್ಟು ಎಂಬುದು ಇನ್ನೊಂದು. ಕೇಳುವ ಪ್ರಶ್ನೆಗೆ ತಕ್ಕಂತೆ ಮಾಹಿತಿಯನ್ನು ಬರೆದಿಡು, ಬೇಕಾದರೆ ಎರಡು ಸಲ ಬರೆ ಎಂದು ಈಗ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿಟ್ಟು ಕಲಿಸುವುದು ಇದನ್ನೇ. ಆದರೆ ಅಂಗಡಿಯವನು ಇನ್ನೊಂದನ್ನೂ ಮಾಡುತ್ತಿದ್ದ. ರಾತ್ರಿ ಬಾಗಿಲು ಹಾಕುವ ಮುಂಚೆ ಎರಡನ್ನೂ ತಾಳೆ ನೋಡಿ, ಶಿಲ್ಕು ಎಣಿಸಿ, ಆಮೇಲೆ ಮನೆಗೆ ಹೋಗುತ್ತಿದ್ದ. ಇಂದಿನ ಕ್ಲಾಸುಗಳು ಎರಡು ಸಲ ಬರೆಯಲು ಹೇಳಿಕೊಡುತ್ತವೆ. ತಾಳೆ ನೋಡುವುದನ್ನು ಹೇಳಿಕೊಡುವುದಿಲ್ಲ. ಸಗಟು ವ್ಯಾಪಾರಿಯ ವಿಳಾಸ ಹತ್ತು ಸಾವಿರ ದಾಖಲೆಗಳೊಳಗೆ ನಕಲಾಗಿ ಕೂತಿದ್ದು, ಅವನು ಭಿವಂಡಿಗೆ ಗೋದಾಮು ಬದಲಿಸಿದರೆ ಅಷ್ಟನ್ನೂ ತಿದ್ದುವವರು ಯಾರು? ಅರ್ಧ ತಿದ್ದುವಷ್ಟರಲ್ಲಿ ಕರೆಂಟು ಹೋದರೆ ಮಿಕ್ಕರ್ಧ ಯಾವುದು ಎಂದು ಹೇಳುವವರು ಯಾರು?

ಶಾಮರಾವ್ ವಿಠಲ್ ಬ್ಯಾಂಕು 1906ರಲ್ಲಿ, ಭಾರತ್ ಬ್ಯಾಂಕು 1978ರಲ್ಲಿ ಈ ಮುಂಬಯಿಯಲ್ಲೇ ಹುಟ್ಟಿದವು. ಎರಡನ್ನೂ ಕಟ್ಟಿದವರು ಕೆನರಾ ಕರಾವಳಿಯಿಂದ ಬಂದ ಸಮುದಾಯಗಳು. ಲೆಕ್ಕದ ಮರ್ಯಾದೆ ಏನೆಂದು ಗೊತ್ತಿದ್ದವರ ಮೊಮ್ಮಕ್ಕಳಿಗೆ ಈಗ ಲೆಕ್ಕವಿಡಲು ಕ್ರಮವೇ ಬೇಡವೆಂದು ಹೇಳಲಾಗುತ್ತಿದೆ.

ಕ್ರಮ ಬೇಡವೆಂದಾಗ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಯಾರಾದರೂ ತಮ್ಮ ಲ್ಯಾಪ್‌ಟಾಪಿನಲ್ಲೇ ನೋಡಬಹುದು. ಫೋನ್ ನಂಬರನ್ನು ಒಬ್ಬ ಸಂಖ್ಯೆಯಾಗಿ ಸೇರಿಸುತ್ತಾನೆ, ಇನ್ನೊಬ್ಬ ಅಕ್ಷರಮಾಲೆಯಾಗಿ ಸೇರಿಸುತ್ತಾನೆ. ಮೊಂಗೊಡಿಬಿ ಎರಡನ್ನೂ ತಕರಾರಿಲ್ಲದೆ ಸ್ವೀಕರಿಸುತ್ತದೆ. ಹುಡುಕುವಾಗ ಒಂದು ಬಗೆಯದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ, ಎಚ್ಚರಿಕೆಯೂ ಬರುವುದಿಲ್ಲ. ಕಲೆಕ್ಷನ್ನಿನ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಆ ತಪ್ಪು ಹೆಸರಿನಲ್ಲೇ ಹೊಸ ಕಲೆಕ್ಷನ್ ಸದ್ದಿಲ್ಲದೆ ಹುಟ್ಟಿಕೊಳ್ಳುತ್ತದೆ. ದಿನಾಂಕವನ್ನು ದಿನ, ತಿಂಗಳು, ವರ್ಷ ಎಂದು ಬರಹವಾಗಿ ಇಟ್ಟರೆ ವಿಂಗಡಿಸುವಾಗ ಎಲ್ಲ ತಿಂಗಳುಗಳ ಒಂದನೇ ತಾರೀಕುಗಳು ಒಟ್ಟಿಗೆ ಸಾಲಾಗಿ ನಿಲ್ಲುತ್ತವೆ. ದುಡ್ಡಿನ ಮೊತ್ತವನ್ನು ಸಾಮಾನ್ಯ ದಶಮಾಂಶ ಸಂಖ್ಯೆಯಾಗಿ ಇಟ್ಟರೆ ಪೈಸೆಗಳು ಸವೆಯುತ್ತವೆ. ಅದಕ್ಕೆಂದೇ ಡೆಸಿಮಲ್128 ಎಂಬ ಬಗೆ 2016ರ 3.4 ಆವೃತ್ತಿಯಲ್ಲೇ ಬಂದಿದೆ. ಎಷ್ಟು ಕ್ಲಾಸುಗಳಲ್ಲಿ ಅದರ ಹೆಸರು ಕೇಳಿಬರುತ್ತದೆ?

ವಿಚಿತ್ರವೆಂದರೆ, ಡೇಟಾಬೇಸನ್ನು ಮಾಡಿದವರೇ ಈ ಸುಳ್ಳನ್ನು ಎಂದೋ ಕೈಬಿಟ್ಟಿದ್ದಾರೆ. 2009ರಲ್ಲಿ ಹೊರಬಂದ ಮೊಂಗೊಡಿಬಿಗೆ 3.2 ಆವೃತ್ತಿಯಲ್ಲಿ ದಾಖಲೆಗಳನ್ನು ತಪಾಸಣೆ ಮಾಡುವ ನಿಯಮಗಳು ಬಂದವು. ಎರಡು ಕಲೆಕ್ಷನ್ನುಗಳನ್ನು ಜೋಡಿಸಿ ಓದುವ ಲುಕಪ್ ಬಂದದ್ದೂ ಆಗಲೇ. 3.6ರಲ್ಲಿ ಜೇಸನ್ ಸ್ಕೀಮಾ ಬಂತು. 2018ರ 4.0ರಲ್ಲಿ ಹಲವು ದಾಖಲೆಗಳನ್ನು ಒಟ್ಟಿಗೆ ಬದಲಿಸುವ, ಇಲ್ಲವೇ ಒಂದನ್ನೂ ಬದಲಿಸದ ಟ್ರಾನ್ಸಾಕ್ಷನ್ ಬಂತು. ಯಾವುದು ಬೇಡವೆಂದು ಹೊರಟಿದ್ದರೋ ಅದನ್ನೆಲ್ಲ ಒಂದೊಂದಾಗಿ ಮನೆಗೆ ಮರಳಿ ಕರೆತಂದರು. ಅಂಧೇರಿಯ ಸ್ಲೈಡುಗಳು ಮಾತ್ರ ಇನ್ನೂ 2010ರಲ್ಲೇ ಇವೆ.

ಇದು ಹೊಸ ಯುಗ, ಟೇಬಲ್ಲು ಹಳೆಯ ಯುಗ ಎಂಬ ಮಾತೂ ಅಷ್ಟೇ ಪೊಳ್ಳು. ಒಂದರೊಳಗೊಂದು ಮಾಹಿತಿ ಇಡುವ ಪದ್ಧತಿಯೇ ಹಳೆಯದು. ಐಬಿಎಂನ ಐಎಂಎಸ್ 1960ರ ದಶಕದಲ್ಲೇ ಮಾಹಿತಿಯನ್ನು ಮರದ ಕೊಂಬೆಗಳಂತೆ ಇಡುತ್ತಿತ್ತು. ಕೊಂಬೆಯ ದಾರಿ ಗೊತ್ತಿಲ್ಲದ ಪ್ರೋಗ್ರಾಮಿಗೆ ಮಾಹಿತಿ ಸಿಗದು, ದಾರಿ ಬದಲಾದರೆ ಪ್ರೋಗ್ರಾಮೇ ಮುರಿಯುತ್ತದೆ ಎಂಬ ಸಂಕಟದಿಂದಲೇ 1970ರಲ್ಲಿ ಇ. ಎಫ್. ಕಾಡ್ ರಿಲೇಷನಲ್ ಮಾದರಿಯ ಪ್ರಬಂಧ ಬರೆದದ್ದು. ಆ ಜಗಳದ ಕಥೆ ಗೊತ್ತಿಲ್ಲದೆ ಡಾಕ್ಯುಮೆಂಟ್ ಡೇಟಾಬೇಸ್ ಕಲಿತವನಿಗೆ ತಾನು ಯಾವ ಹಳ್ಳದ ಅಂಚಿನಲ್ಲಿ ನಡೆಯುತ್ತಿದ್ದೇನೆ ಎಂಬುದೇ ತಿಳಿಯುವುದಿಲ್ಲ. ಕಲಿಯಲು ದೂರ ಹೋಗಬೇಕಾಗಿಯೂ ಇಲ್ಲ. ಸಿಲ್ಬರ್‌ಶಾಟ್ಸ್ ಮತ್ತು ಕೋರ್ತ್ ಜೊತೆಗೂಡಿ ಎಸ್. ಸುದರ್ಶನ್ ಬರೆದ 'ಡೇಟಾಬೇಸ್ ಸಿಸ್ಟಮ್ ಕಾನ್ಸೆಪ್ಟ್ಸ್' ಲೋಕದ ತುಂಬ ಕಾಲೇಜುಗಳಲ್ಲಿ ಪಠ್ಯ. ಸುದರ್ಶನ್ ಪವಾಯಿಯ ಐಐಟಿಯ ಪ್ರಾಧ್ಯಾಪಕರು. 2019ರ ಏಳನೇ ಆವೃತ್ತಿಯಲ್ಲಿ ಬಿಗ್ ಡೇಟಾಗೂ ಒಂದು ಅಧ್ಯಾಯವಿದೆ. ಪವಾಯಿಯಿಂದ ಅಂಧೇರಿಗೆ ಬೆಸ್ಟ್ ಬಸ್ಸಿದೆ. ಪುಸ್ತಕ ಮಾತ್ರ ಇನ್ನೂ ಬಂದು ಮುಟ್ಟಿಲ್ಲ.

ಬೃಹತ್ ವ್ಯಾಪಾರದ ಮಾಹಿತಿ ಎಂಬ ಮಾತಿಗೆ ಬಂದರೆ ನಗೆಪಾಟಲು ಇನ್ನೂ ಹೆಚ್ಚು. ಷೇರು ವಿನಿಮಯ ಕೇಂದ್ರಗಳಿರುವ ನಗರ ಇದು. ಯುಪಿಐ ನಡೆಸುವ ಸಂಸ್ಥೆಯ ಮುಖ್ಯ ಕಚೇರಿಯೂ ಇಲ್ಲೇ ಇದೆ, ಆ ವ್ಯವಸ್ಥೆ 2023ರ ಆಗಸ್ಟಿನಲ್ಲಿ ಒಂದೇ ತಿಂಗಳಲ್ಲಿ ಸಾವಿರ ಕೋಟಿ ವಹಿವಾಟುಗಳನ್ನು ದಾಟಿತು. ಈ ನಗರದಲ್ಲಿ ಬಿಗ್ ಡೇಟಾ ಕಲಿಸುವುದು ಕ್ಲೌಡಿನ ಪುಕ್ಕಟೆ 512 ಎಂಬಿ ಜಾಗದಲ್ಲಿ, ಇಪ್ಪತ್ತು ದಾಖಲೆಗಳನ್ನಿಟ್ಟುಕೊಂಡು. ಇಪ್ಪತ್ತು ದಾಖಲೆಗಳಲ್ಲಿ ಇಂಡೆಕ್ಸ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಐವತ್ತು ಲಕ್ಷ ದಾಖಲೆಗಳನ್ನು ಒಂದು ಸಣ್ಣ ಸ್ಕ್ರಿಪ್ಟಿನಿಂದ ಹುಟ್ಟಿಸಿ ಲ್ಯಾಪ್‌ಟಾಪಿನಲ್ಲಿ ತುಂಬಿಸಿ, ಅದೇ ಪ್ರಶ್ನೆ ಕೇಳಲಿ. ಎಕ್ಸ್‌ಪ್ಲೇನ್ ಹಾಕಿ ನೋಡಿದಾಗ ಕಾಲ್‌ಸ್ಕ್ಯಾನ್ ಎಂದು ಬಂದರೆ, ಅಂದರೆ ಒಂದೊಂದು ದಾಖಲೆಯನ್ನೂ ತಡಕಾಡಿದೆ ಎಂದು ಗೊತ್ತಾದರೆ, ಆಗ ಶುರುವಾಗುತ್ತದೆ ಕಲಿಕೆ. ಇದಕ್ಕೆ ಕಾಸು ಖರ್ಚಿಲ್ಲ. ಕಮ್ಯುನಿಟಿ ಸರ್ವರ್ ಪುಕ್ಕಟೆ ಸಿಗುತ್ತದೆ, ಕಂಪನಿಯ ಸ್ವಂತ ಪಾಠಗಳೂ ಪುಕ್ಕಟೆ.

ಶಾರ್ಡಿಂಗ್ ವಿಷಯವಂತೂ ಮುಂಬಯಿಯವರಿಗೆ ಹೇಳಿಕೊಡಲೇಬೇಕಾಗಿಲ್ಲ, ನೆನಪಿಸಿದರೆ ಸಾಕು. ಮಾಹಿತಿ ಒಂದು ಯಂತ್ರಕ್ಕೆ ಹೆಚ್ಚಾದಾಗ ಹಲವು ಯಂತ್ರಗಳಿಗೆ ಹಂಚುತ್ತಾರೆ, ಯಾವುದು ಎಲ್ಲಿಗೆ ಎಂದು ತೀರ್ಮಾನಿಸಲು ಒಂದು ಕೀ ಆರಿಸುತ್ತಾರೆ. ಬಿಲ್ಲಿನ ತಾರೀಕನ್ನೇ ಹಾಗೇ ಕೀ ಮಾಡಿದರೆ ಇವತ್ತಿನ ಬಿಲ್ಲುಗಳೆಲ್ಲ ಕೊನೆಯ ಯಂತ್ರಕ್ಕೇ ಹೋಗಿ ಬೀಳುತ್ತವೆ. ದಾದರಿನಲ್ಲಿ ಸೇತುವೆಯ ಮೆಟ್ಟಿಲ ಎದುರು ನಿಲ್ಲುವ ಡಬ್ಬಿಗೇ ಎಲ್ಲರೂ ನುಗ್ಗಿ, ಆಚೆಯ ಡಬ್ಬಿ ಖಾಲಿ ಹೋದ ಹಾಗೆ. ತಾರೀಕನ್ನು ಹ್ಯಾಶ್ ಮಾಡಿ ಚದುರಿಸಿದರೆ ನೂಕುನುಗ್ಗಲು ತಪ್ಪುತ್ತದೆ. ಆದರೆ ಒಂದು ವಾರದ ಬಿಲ್ಲುಗಳನ್ನು ಕೇಳಿದಾಗ ಎಲ್ಲ ಯಂತ್ರಗಳ ಬಾಗಿಲನ್ನೂ ಬಡಿಯಬೇಕು. ಗುರುತು ಬರೆಯದ ಊಟದ ಡಬ್ಬಿಯನ್ನು ಚರ್ಚ್‌ಗೇಟಿನಿಂದ ವಿರಾರಿನವರೆಗೆ ಪ್ರತಿ ಸ್ಟೇಷನ್ನಿನಲ್ಲೂ ಇಳಿಸಿ ವಿಚಾರಿಸಿದಂತೆ. 2021ರಲ್ಲಿ 5.0 ಬರುವವರೆಗೆ ಆರಿಸಿದ ಕೀಯನ್ನು ಕೈಬಿಟ್ಟು ಬೇರೆಯದಕ್ಕೆ ಹೋಗಬೇಕಾದರೆ ಮಾಹಿತಿಯನ್ನೆಲ್ಲ ಹೊರತೆಗೆದು ಮತ್ತೆ ತುಂಬಬೇಕಿತ್ತು. ಇಂಥ ನಿರ್ಧಾರವನ್ನು ಒಂದು ಭಾನುವಾರದ ಸರ್ಟಿಫಿಕೇಟಿನ ಮೇಲೆ ಬಿಡುವ ಮಾಲೀಕರೂ ಈ ಜಗಳದಲ್ಲಿ ನಿರಪರಾಧಿಗಳಲ್ಲ. ಐದು ವರ್ಷದ ಅನುಭವದ ಕೆಲಸಕ್ಕೆ ಫ್ರೆಶರ್ ಸಂಬಳ ಕೊಟ್ಟು, ಎಲ್ಲ ಕೆಟ್ಟ ಮೇಲೆ ಹುಡುಗನಿಗೆ ಬೈಯುವುದು ಅವರ ಪದ್ಧತಿ.

ಕೆಡುವುದು ಬರೀ ವೇಗ ಅಲ್ಲ. 2017ರ ಜನವರಿಯಲ್ಲಿ ಪಾಸ್‌ವರ್ಡೇ ಇಲ್ಲದೆ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಸಾವಿರಾರು ಮೊಂಗೊಡಿಬಿ ಸರ್ವರುಗಳನ್ನು ಕಳ್ಳರು ಅಳಿಸಿ ಹಾಕಿ, ಮಾಹಿತಿ ವಾಪಸ್ ಬೇಕಾದರೆ ಬಿಟ್‌ಕಾಯಿನ್ ಕೊಡಿ ಎಂದು ಚೀಟಿ ಬಿಟ್ಟು ಹೋದರು. ಅದಕ್ಕೆ ಬೀಗ ಒಡೆಯುವ ಚಾತುರ್ಯ ಬೇಕಾಗಿರಲಿಲ್ಲ, ಬಾಗಿಲೇ ಇರಲಿಲ್ಲ. ಅದೇ ವರ್ಷದ ಕೊನೆಗೆ ಬಂದ 3.6ರಿಂದ ಸರ್ವರ್ ತಾನಾಗಿ ತನ್ನ ಯಂತ್ರದ ಆಚೆಗೆ ಕಿವಿಗೊಡುವುದಿಲ್ಲ. ಆದರೆ ಕ್ಲಾಸಿನಲ್ಲಿ ಕನೆಕ್ಷನ್ ಸಿಗಲಿಲ್ಲವೆಂದ ಕೂಡಲೇ ಎಲ್ಲ ಐಪಿಗಳಿಗೂ ಪ್ರವೇಶ ಕೊಟ್ಟುಬಿಡಿ ಎಂದು ಹೇಳಿಕೊಡುವ ಮೇಷ್ಟ್ರುಗಳಿಗೆ ಯಾವ ಆವೃತ್ತಿಯೂ ಮದ್ದಲ್ಲ. ಕಲಿತ ಚಾಳಿ ಕೆಲಸಕ್ಕೂ ಹೋಗುತ್ತದೆ. ಅಲ್ಲಿರುವುದು ಇಪ್ಪತ್ತು ಕಾಲ್ಪನಿಕ ಹೆಸರುಗಳಲ್ಲ, ಜನರ ಪ್ಯಾನ್, ಆಧಾರ್, ಆಸ್ಪತ್ರೆಯ ರಿಪೋರ್ಟು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಪಾವತಿಯ ಮಾಹಿತಿ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲಿನಲ್ಲೇ ಸುತ್ತೋಲೆ ಹೊರಡಿಸಿದೆ. ಆ ಸುತ್ತೋಲೆ ಹೊರಟ ಬ್ಯಾಂಕಿನ ಕಟ್ಟಡ ಇರುವುದು ಕೋಟೆ ಪ್ರದೇಶದಲ್ಲಿ. ಕ್ಲಸ್ಟರ್ ಕಟ್ಟುವಾಗ ಮುಂಬಯಿ ಒತ್ತಬೇಕೋ ವರ್ಜೀನಿಯಾ ಒತ್ತಬೇಕೋ ಎಂದು ಅದೇ ಊರಿನ ಕ್ಲಾಸಿನಲ್ಲಿ ಒಬ್ಬರೂ ಹೇಳುವುದಿಲ್ಲ.

ಒಂದು ಕಾಲಕ್ಕೆ ಈ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಸಂಜೆ ಸ್ಲೇಟು ಹಿಡಿದು ಕೂತು ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿ ಸೇರಿದರು, ಕೆಲವರು ಸ್ವಂತ ಹೋಟೆಲು ತೆರೆದರು. ಅಲ್ಲಿ ಕಲಿಸಿದವರು ಗಣಿತದ ಬುಡವನ್ನು ಹುಡುಗರ ಭಾಷೆಯಲ್ಲೇ ಕಲಿಸಿದರು. ಈಗ ಸಂಘಗಳ ಸಭಾಗೃಹಗಳಿವೆ, ಮೈಕು ಇದೆ, ವಾರ್ಷಿಕೋತ್ಸವಕ್ಕೆ ಶಾಲು ಹಾರ ಇವೆ. ಸಾಫ್ಟ್‌ವೇರಿನಲ್ಲಿ ಇಪ್ಪತ್ತು ವರ್ಷ ದುಡಿದ ಕನ್ನಡಿಗರೂ ನವಿಮುಂಬಯಿ, ಠಾಣೆ, ಮುಲುಂಡಿನ ತುಂಬ ಇದ್ದಾರೆ. ವಾರಕ್ಕೆರಡು ಸಂಜೆ ಒಂದು ಬೋರ್ಡು, ಹತ್ತು ಲ್ಯಾಪ್‌ಟಾಪು, ಒಂದು ಹೋಟೆಲಿನ ನಿಜವಾದ ಬಿಲ್ಲುಗಳ ಕಟ್ಟು. ಮೊದಲ ತಿಂಗಳು ಕಂಪ್ಯೂಟರ್ ಮುಟ್ಟುವುದೇ ಬೇಡ. ಈ ಬಿಲ್ಲುಗಳ ಬಗ್ಗೆ ಮಾಲೀಕ ಕೇಳಬಹುದಾದ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆಯಿರಿ ಎಂದು ಹೇಳಿ ಕೂರಿಸಬೇಕು. ಯಾವ ತಿಂಡಿ ಮಂಗಳವಾರ ಹೆಚ್ಚು ಹೋಗುತ್ತದೆ, ಯಾರ ಬಾಕಿ ಮೂರು ತಿಂಗಳು ದಾಟಿದೆ, ಹಾಲಿನವನಿಗೆ ಕೊಟ್ಟದ್ದಕ್ಕೂ ಕಾಪಿ ಮಾರಿದ್ದಕ್ಕೂ ಹೊಂದುತ್ತದೆಯೇ. ಪ್ರಶ್ನೆಗಳ ಪಟ್ಟಿ ಮುಗಿದ ಮೇಲೆ ಅದೇ ಬಿಲ್ಲನ್ನು ಒಮ್ಮೆ ಟೇಬಲ್ಲುಗಳಲ್ಲಿ, ಒಮ್ಮೆ ದಾಖಲೆಯಾಗಿ ಬಿಡಿಸಲಿ. ಯಾವ ಪ್ರಶ್ನೆಗೆ ಯಾವುದರಲ್ಲಿ ಬೇಗ ಉತ್ತರ ಸಿಕ್ಕಿತು ಎಂದು ಮುಂದಿನ ವಾರ ಜಗಳ ಆಡಲಿ. ಜಾಗಕ್ಕೆ ಬಾಡಿಗೆ ಕೇಳುವ ಸಂಘ ಯಾವುದು ಎಂದು ಆಗ ನೋಡೋಣ.