ಬಿಟ್ ಬದಲಿಸೋಕೆ ಬೇಜಾರು, ಅದಕ್ಕೇ ರ‍್ಯಾಕ್ ಬಿತ್ತು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದ ರೂಮಿಗೆ ಪುಸ್ತಕ ಇಡೋಕೆ ಒಂದು ರ‍್ಯಾಕ್ ಮಾಡಿದ್ವಿ. ಪ್ಯಾಕಿಂಗ್ ಪೆಟ್ಟಿಗೆ ಬಿಚ್ಚಿ ತೆಗೆದ ಪೈನ್ ಹಲಗೆ, 8 ನಂಬರ್ ಸ್ಕ್ರೂ, ಸೀನಿಯರ್ ಒಬ್ಬರ ಹತ್ತಿರ ಇಸ್ಕೊಂಡ ಡ್ರಿಲ್ ಮಷೀನು. ಎರಡು ವಾರ ಚೆನ್ನಾಗೇ ನಿಂತಿತ್ತು. ಮೂರನೇ ವಾರ ಮೇಲಿನ ಹಲಗೆ ಪುಸ್ತಕಗಳ ಸಮೇತ ಕಿತ್ಕೊಂಡು ಒಬ್ಬ ಜೂನಿಯರ್ ಕಾಲ ಮೇಲೆ ಬಿತ್ತು. ಉಗುರು ಕಪ್ಪಾಯ್ತು. ಪುಣ್ಯಕ್ಕೆ ಮೂಳೆಗೇನೂ ಆಗಲಿಲ್ಲ.

ಆ ಸ್ಕ್ರೂ ಹಾಕಿದ್ದು ನಾನೇ. ಸ್ಕ್ರೂಗಿಂತ ಮೊದಲು ಪೈಲಟ್ ಹೋಲ್ ಕೊರೀಬೇಕು ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಮೊದಲ ನಾಲ್ಕು ಸ್ಕ್ರೂಗೆ ಕೊರೆದೆ, ಆಮೇಲೆ ಬಿಟ್ಟೆ. ಯಾಕಂದ್ರೆ ಪ್ರತಿ ಸಲವೂ ಚಕ್ ಕೀ ಹುಡುಕಬೇಕು, ಚಕ್ ಸಡಿಲ ಮಾಡಬೇಕು, ಡ್ರಿಲ್ ಬಿಟ್ ತೆಗೆದು ಸ್ಕ್ರೂಡ್ರೈವರ್ ಬಿಟ್ ಹಾಕಿ ಮತ್ತೆ ಬಿಗಿ ಮಾಡಬೇಕು. ಮುಂದಿನ ಸ್ಕ್ರೂಗೆ ಇದೆಲ್ಲ ಉಲ್ಟಾ. ಎಲ್ಲಾ ತೂತು ಮೊದಲೇ ಕೊರೆದು ಇಟ್ಕೋಬಹುದಿತ್ತಲ್ವಾ ಅಂತ ಕೇಳ್ತೀರ. ಟ್ರೈ ಮಾಡಿದ್ವಿ. ಕ್ಲಾಂಪ್ ಇಲ್ಲದೆ ಕೈಯಲ್ಲಿ ಹಿಡಿದು ಜೋಡಿಸುವಾಗ ಹಲಗೆ ಸ್ವಲ್ಪ ಸರಿದರೂ ತೂತಿಗೆ ತೂತು ಕೂರಲ್ಲ.

ಸ್ಕ್ರೂ ಅಂದ್ರೆ ಒಂದು ರೀತಿ ಬೆಣೆ ಇದ್ದ ಹಾಗೆ. ತೂತಿಲ್ಲದ ಕಡೆ ನುಗ್ಗಿದರೆ ಮರದ ನಾರನ್ನು ಪಕ್ಕಕ್ಕೆ ತಳ್ಳುತ್ತೆ. ಹಲಗೆಯ ತುದಿಯಲ್ಲಿ ಆ ಒತ್ತಡ ತಡೆಯೋಕೆ ಮರವೇ ಇರಲ್ಲ, ಸೀಳುತ್ತೆ. 8 ನಂಬರ್ ಸ್ಕ್ರೂ ಹೊರಗಡೆ ಸುಮಾರು 4 ಮಿ.ಮೀ. ದಪ್ಪ. ಪೈನ್‌ನಂಥ ಮೆದು ಮರದಲ್ಲಿ ಸುಮಾರು 2.5 ಮಿ.ಮೀ. ತೂತು ಮಾಡಿದರೆ ಸ್ಕ್ರೂವಿನ ನಡುಭಾಗಕ್ಕೆ ಜಾಗ ಸಿಗುತ್ತೆ, ಥ್ರೆಡ್ ಮಾತ್ರ ಮರವನ್ನು ಕಚ್ಚಿ ಹಿಡಿಯುತ್ತೆ. ನಮ್ಮ ರ‍್ಯಾಕಿನ ಸೀಳು ಮೊದಲ ದಿನ ಕೂದಲಿನಷ್ಟಿತ್ತು, ನಾವು ನೋಡಿಯೂ ಸುಮ್ಮನಾದ್ವಿ.

ಕಾಲೇಜಿನ ಹತ್ತಿರದ ಕಾರ್ಪೆಂಟರ್ ಅಣ್ಣ ಒಂದು ಅಟ್ಯಾಚ್‌ಮೆಂಟ್ ತೋರಿಸಿದರು. ಡ್ರಿಲ್ ಚಕ್‌ನಲ್ಲಿ ಒಂದು ಕೊಳವೆ ಕಾಯಂ ಆಗಿ ಕೂರುತ್ತೆ. ಅದರೊಳಗೆ ಹೋಗೋ ತುಂಡಿನ ಒಂದು ತುದಿಯಲ್ಲಿ ಡ್ರಿಲ್ ಬಿಟ್ ಮತ್ತು ಕೌಂಟರ್‌ಸಿಂಕ್, ಇನ್ನೊಂದು ತುದಿಯಲ್ಲಿ ಸ್ಕ್ರೂಡ್ರೈವರ್ ಬಿಟ್. ತೂತು ಕೊರಿ, ಎಳಿ, ತಿರುಗಿಸಿ ಹಾಕು, ಟಕ್ ಅನ್ನುತ್ತೆ, ಸ್ಕ್ರೂ ಬಿಗಿ ಮಾಡು. ಚಕ್ ಕೀ ಮುಟ್ಟೋದೇ ಬೇಡ.

ಇದು ಸೋಮಾರಿಗಳ ಆಟಿಕೆ ಅಂತ ನನ್ನ ರೂಮ್‌ಮೇಟ್ ನಗ್ತಾನೆ. ನಾನು ಒಪ್ಪಲ್ಲ. ಜಪಾನಿನ ಶಿಗಿಯೋ ಶಿಂಗೋ ಅವರ ಹೆಸರು ಮೆಕ್ಯಾನಿಕಲ್‌ನವರು ಕೇಳಿರ್ತೀರ. ಡೈ ಬದಲಿಸೋಕೆ ಗಂಟೆಗಟ್ಟಲೆ ಹಿಡಿಯುತ್ತಿದ್ದಾಗ ಕಾರ್ಖಾನೆಗಳು ಅದನ್ನು ತಪ್ಪಿಸೋಕೆ ಬೇಕಿಲ್ಲದಷ್ಟು ಮಾಲನ್ನು ಒಂದೇ ಸಲ ಮಾಡಿ ರಾಶಿ ಹಾಕ್ತಿದ್ವು. ಬೇಗ ಕೆಲಸ ಮಾಡಿ ಅಂತ ಕೆಲಸಗಾರರಿಗೆ ಬೈಯೋ ಬದಲು, ಬದಲಿಸುವ ವಿಧಾನವನ್ನೇ ತಿದ್ದಿ 10 ನಿಮಿಷದೊಳಗೆ ತರಬೇಕು ಅಂದರು ಶಿಂಗೋ. ಅದೇ ಎಸ್‌ಎಂಇಡಿ. ಎಕ್ಸಾಮ್‌ನಲ್ಲಿ ಇದನ್ನ ಬರೆದು ಮಾರ್ಕ್ಸ್ ತಗೊಳ್ಳೋ ನಾವು, ನಮ್ಮ ಕೈಯಲ್ಲಿರೋ ಡ್ರಿಲ್‌ಗೆ ಅನ್ವಯಿಸಲ್ಲ.

ಇದರಲ್ಲಿ ಕೊರತೆಯೂ ಇದೆ. ಹೆಕ್ಸ್ ಹಿಡಿತದಲ್ಲಿ ಸ್ವಲ್ಪ ಆಟ ಇರೋದ್ರಿಂದ ಬಿಟ್‌ನ ತುದಿ ಅಲುಗುತ್ತೆ. ಪೈಲಟ್ ಹೋಲ್‌ಗೆ ಪರವಾಗಿಲ್ಲ, ಮರದ ಗೂಟ ಕೂರಿಸುವ ನಿಖರವಾದ ತೂತಿಗೆ ಮಾಮೂಲಿ ಚಕ್ಕೇ ಸರಿ. ಉದ್ದ ಜಾಸ್ತಿ ಆಗೋದ್ರಿಂದ ಇಕ್ಕಟ್ಟಿನ ಮೂಲೆಗೆ ಹೋಗಲ್ಲ. ಎರಡು ಡ್ರಿಲ್ ಇದ್ದರೆ ಒಂದರಲ್ಲಿ ಕೊರೆದು ಇನ್ನೊಂದರಲ್ಲಿ ಬಿಗಿ ಮಾಡಬಹುದು, ಈ ಅಟ್ಯಾಚ್‌ಮೆಂಟೇ ಬೇಡ. ನಮ್ಮ ಹತ್ತಿರ ಇರೋದು ಒಂದೇ, ಅದೂ ಎರವಲು.

ಮುಂದಿನ ತಿಂಗಳು ನಾಟಕದ ಸೆಟ್ ಕಟ್ಟೋದಿದೆ. ಈ ಸಲ ನಮ್ಮ ಹಲಗೆಗಳ ಮೇಲೆ ಹನ್ನೆರಡು ಜನ ಕುಣಿಯುತ್ತಾರೆ. ಸಂಘದ ಬಜೆಟ್‌ನಲ್ಲಿ ಬಣ್ಣದ ಲೈಟಿಗೆ ದುಡ್ಡಿದೆ, ಟೂಲ್‌ಗೆ ಅಂತ ಒಂದು ಸಾಲೂ ಇಲ್ಲ. ಒಂದು ಲೈಟ್ ಕಮ್ಮಿ ಮಾಡಿ ಇದನ್ನ ತಗೊಳ್ಳೋಣ ಅಂತ ಗುರುವಾರದ ಮೀಟಿಂಗ್‌ನಲ್ಲಿ ಕೇಳ್ತೀನಿ. ಕೈ ಎತ್ತೋಕೆ ನೀವೂ ಬನ್ನಿ. ಉಗುರು ಕಪ್ಪಾದ ಜೂನಿಯರ್ ಆಗಲೇ ಒಪ್ಪಿದ್ದಾನೆ.