ಬೋಳು ತಲೆಯ ಗೊರವಂಕ

ಗೆಳೆಯರೇ, ನೀರಿನ ತೊಟ್ಟಿ ಹತ್ತಿರ ಬರುವ ಬೋಳು ಗೊರವಂಕವನ್ನು ನೀವೆಲ್ಲ ನೋಡಿದ್ದೀರಿ. ಮೈಯೆಲ್ಲ ಸರಿಯಾಗಿದೆ, ತಲೆಯ ಮೇಲೆ ಮಾತ್ರ ಒಂದು ಪುಕ್ಕವೂ ಇಲ್ಲ. ಅರಿಶಿನ ಬಳಿದ ಹಾಗೆ ಹಳದಿ ಚರ್ಮ ಕಾಣುತ್ತೆ. ಹೋದ ವಾರ ಊಟದ ಬಿಡುವಿನಲ್ಲಿ "ಅದಕ್ಕೆ ರೋಗ ಕಣ್ರೋ, ಓಡಿಸ್ರೋ" ಅಂತ ನಾಲ್ಕೈದು ಜನ ಕಲ್ಲು ಹೊಡೆದರು. ಒಂದು ಕಲ್ಲು ರೆಕ್ಕೆಗೆ ತಾಗಿತು. ನಾನು ಸುಮ್ಮನೆ ನೋಡ್ತಾ ನಿಂತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬೋಳಾದ ಮಾತ್ರಕ್ಕೆ ರೋಗ ಎನ್ನುವುದು ತಪ್ಪು ಎಂದು ನನ್ನ ಅಭಿಪ್ರಾಯ. ನಮ್ಮ ಮನೆ ಕೋಳಿಗಳೂ ಪುಕ್ಕ ಉದುರಿಸುತ್ತವೆ. "ಈಗ ಮೊಟ್ಟೆ ಇಡಲ್ಲ, ಹೊಸ ಪುಕ್ಕ ಬರ್ಲಿ" ಎಂದು ಅಜ್ಜಿ ಇನ್ನೊಂದು ಹಿಡಿ ಕಾಳು ಹಾಕ್ತಾರೆ. ಅವಕ್ಕೆ ಯಾರೂ ಕಲ್ಲು ಹೊಡೆಯಲ್ಲ! ಪುಕ್ಕವೂ ನಮ್ಮ ಉಗುರಿನ ಹಾಗೆ, ಸವೆಯುತ್ತದೆ. ಮರಿ ಮಾಡಿ ಮುಗಿದ ಮೇಲೆ ಹಕ್ಕಿಗಳು ಹಳೆಯದನ್ನು ಉದುರಿಸಿ ಹೊಸದು ಬೆಳೆಸುತ್ತವೆ. ರೆಕ್ಕೆಯದು ಒಂದೊಂದಾಗಿ ಉದುರುತ್ತೆ, ಇಲ್ಲದಿದ್ದರೆ ಹಾರುವುದು ಹೇಗೆ? ತಲೆಯದು ಕೆಲವು ಹಕ್ಕಿಗಳಲ್ಲಿ ಒಟ್ಟಿಗೇ ಉದುರಿಬಿಡುತ್ತದೆ. ಅಮೆರಿಕದ ಮನೆ ಹಿತ್ತಲುಗಳಿಗೆ ಬರುವ ಬ್ಲೂ ಜೇ, ಕಾರ್ಡಿನಲ್ ಎಂಬ ಹಕ್ಕಿಗಳಿಗೂ ಅಲ್ಲಿನ ಬೇಸಿಗೆಯ ಕೊನೆಯಲ್ಲಿ ಹೀಗಾಗುತ್ತದೆ.

ಇನ್ನೊಂದು ಕಾರಣ ಹೇನು, ನುಸಿ. ಹಕ್ಕಿ ಮೈಯನ್ನೆಲ್ಲ ಕೊಕ್ಕಿನಿಂದ ಶುಚಿ ಮಾಡಿಕೊಳ್ಳುತ್ತೆ. ಆದರೆ ತನ್ನ ತಲೆಗೆ ತನ್ನ ಕೊಕ್ಕು ಎಟುಕುವುದಿಲ್ಲವಲ್ಲ! ಕಾಲಿನಿಂದ ಕೆರೆದುಕೊಳ್ಳಬೇಕು, ಇಲ್ಲವೆ ಜೋಡಿ ಹಕ್ಕಿ ಹೆಕ್ಕಿ ಕೊಡಬೇಕು. ಹೀಗಾಗಿ ನುಸಿಗೆ ತಲೆಯೇ ಒಳ್ಳೆ ಜಾಗ. ಅದಕ್ಕೇ ಹಕ್ಕಿಯನ್ನು ಕೈಯಲ್ಲಿ ಹಿಡಿಯುವುದು ಬೇಡ ಎಂದು ನಾನೂ ಒಪ್ಪುತ್ತೇನೆ. ದೂರ ನಿಂತು ನೋಡೋಣ.

"ತಲೇಲಿ ಗಾಯ ಆಗಿ ತೂತು ಬಿದ್ದೈತೆ" ಎಂದು ಒಬ್ಬ ಹೇಳಿದ. ಅದು ಗಾಯ ಅಲ್ಲ, ಕಿವಿ! ಎಲ್ಲ ಹಕ್ಕಿಗೂ ಕಣ್ಣಿನ ಹಿಂದೆ ಕಿವಿಯ ತೂತು ಇದೆ, ಪುಕ್ಕ ಮುಚ್ಚಿರುವುದರಿಂದ ನಮಗೆ ಕಾಣಲ್ಲ ಅಷ್ಟೆ. ವಿಜ್ಞಾನದ ಪಾಠದಲ್ಲಿ ಚಿತ್ರ ಬಿಡಿಸಿದಾಗಲೂ ನಾವ್ಯಾರೂ ಹಕ್ಕಿಗೆ ಕಿವಿ ಹಾಕಿರಲಿಲ್ಲ. ಮೇಷ್ಟ್ರೂ ಕೇಳಿರಲಿಲ್ಲ (ಕ್ಷಮಿಸಿ ಸಾರ್).

ಹೊಸ ಪುಕ್ಕ ಬೆಳೆಯಲು ಕೆಲವು ವಾರ ಬೇಕು, ಹೊಟ್ಟೆಗೆ ಹುಳು ಮಿಡತೆಯೂ ಬೇಕು. ಆ ಸಮಯದಲ್ಲಿ ಬೆನ್ನಟ್ಟಿದರೆ ಅದು ಮೇಯುವುದು ಯಾವಾಗ?

ಸೋಮವಾರದಿಂದ ಆ ಗೊರವಂಕ ತೊಟ್ಟಿ ಹತ್ತಿರ ಕಂಡಿಲ್ಲ. ನಿನ್ನೆ ಮೂರು ಬಂದಿದ್ದವು, ಮೂರಕ್ಕೂ ತಲೆ ತುಂಬ ಕಪ್ಪು ಪುಕ್ಕ. ಅದರಲ್ಲಿ ಒಂದು ಅದೇ ಇರಬಹುದು ಅಂತ ಬಹಳ ಹೊತ್ತು ನೋಡಿದೆ, ಗುರುತು ಸಿಗಲಿಲ್ಲ.