ನಮ್ಮ ಮಾತಿನಲ್ಲಿ ಆರೋಗ್ಯದ ಮಾತು

ಮಕ್ಕಳೇ, ಈಗ ಆರೋಗ್ಯದ ತಿಳಿವಳಿಕೆ ಮೊಬೈಲಿನಲ್ಲಿಯೂ ಬರುತ್ತದೆ. ಏನು ಉಣ್ಣಬೇಕು, ಯಾವ ಲಸಿಕೆ ಯಾವಾಗ ಹಾಕಿಸಬೇಕು, ಜ್ವರ ಬಂದರೆ ಏನು ಮಾಡಬೇಕು ಎಂದು ವೀಡಿಯೊಗಳು ಹೇಳುತ್ತವೆ. ಇದು ಒಳ್ಳೆಯದೇ. ಆದರೆ ಆ ಮಾತು ನಿಮ್ಮ ಅಕ್ಕನಿಗೆ, ಪಕ್ಕದ ಮನೆಯ ಹೊಸ ಸೊಸೆಗೆ ತಲುಪುತ್ತಿದೆಯೇ? ತಲುಪಿದರೂ ಅದು ತನ್ನ ಮಾತು ಎಂದು ಅವರಿಗೆ ಅನಿಸುತ್ತದೆಯೇ?

ಯಾಕೆ ಕೇಳುತ್ತೇನೆಂದರೆ, ಆ ಮಾತಿನ ಅಗತ್ಯ ಅವರಿಗೇ ಹೆಚ್ಚು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಮೈಯಲ್ಲಿ ರಕ್ತ ಕಡಿಮೆಯಾದರೆ ತಲೆ ಸುತ್ತುತ್ತದೆ. ಒಂದು ಕೊಡ ನೀರು ಹೊತ್ತರೆ ಏದುಸಿರು ಬರುತ್ತದೆ. ಓದಲು ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ಮುಂದೆ ಹೆರಿಗೆಯ ಹೊತ್ತಿನಲ್ಲಿ ಜೀವಕ್ಕೂ ಅಪಾಯ. ಅದೇ ಸಮೀಕ್ಷೆ ಇನ್ನೊಂದು ಸಂಗತಿಯನ್ನೂ ಹೇಳಿತು. ಹಳ್ಳಿಯ ಹೆಂಗಸರಲ್ಲಿ ತಾವೇ ಬಳಸುವ ಮೊಬೈಲ್ ಇದ್ದದ್ದು ನೂರಕ್ಕೆ 47 ಮಂದಿಗೆ ಮಾತ್ರ. ಉಳಿದವರು ಅಪ್ಪನ, ಅಣ್ಣನ ಅಥವಾ ಗಂಡನ ಫೋನನ್ನು ಕೇಳಿ ಪಡೆಯಬೇಕು. ಅಣ್ಣನ ಕೈಯಲ್ಲಿರುವ ಫೋನಿಗೆ ಅಕ್ಕನ ಗುಟ್ಟಿನ ಮಾತು ಬಂದರೆ ಅವಳು ನಾಚುವುದು ಸಹಜ.

ಜಹೀರಾಬಾದ್, ನಾರಾಯಣಖೇಡ ಮತ್ತು ತಾಂಡೂರಿನ ಕಡೆ ಇನ್ನೊಂದು ತೊಡಕೂ ಇದೆ. ಇಲ್ಲಿ ಒಂದೇ ಓಣಿಯಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಕೇಳುತ್ತವೆ. ಶಾಲೆಯಲ್ಲಿ ಕನ್ನಡ ಓದುವ ಹುಡುಗಿಗೆ ಸಂದೇಶ ತೆಲುಗಿನಲ್ಲಿ ಬಂದರೆ ಅಂಗಡಿಯ ಮಾತಿನಷ್ಟು ಅರ್ಥವಾಗುತ್ತದೆ, ಮೈಯ ಮಾತು ಅರ್ಥವಾಗುವುದಿಲ್ಲ. ಬೆಂಗಳೂರಿನ ಕನ್ನಡದಲ್ಲಿ ಬಂದರೂ ಪೂರ್ತಿ ಕೆಲಸ ನಡೆಯದು. ಪುಸ್ತಕ 'ಋತುಸ್ರಾವ' ಎನ್ನುತ್ತದೆ. ಮನೆಯಲ್ಲಿ ಅಜ್ಜಿ 'ಹೊರಗಾಗಿದ್ದಾಳೆ' ಎನ್ನುತ್ತಾಳೆ. ಎರಡೂ ಒಂದೇ ಎಂದು ಹುಡುಗಿಗೆ ಹೇಳುವವರು ಯಾರು?

ಊಟದ ಮಾತನ್ನೇ ನೋಡಿ. ರಕ್ತ ಹೆಚ್ಚಲು ಸೇಬು ತಿನ್ನಿ, ದಾಳಿಂಬೆ ತಿನ್ನಿ ಎಂದು ಹೊಳೆಯುವ ಚಿತ್ರ ತೋರಿಸಿದರೆ ಕೂಲಿ ಮಾಡುವ ಮನೆಯವರು ಫೋನನ್ನು ಪಕ್ಕಕ್ಕಿಡುತ್ತಾರೆ. ನಮ್ಮ ಹೊಲದಲ್ಲಿ ಏನಿದೆ? ಸಜ್ಜೆ ಇದೆ, ಜೋಳ ಇದೆ, ಪುಂಡಿ ಪಲ್ಯ ಇದೆ, ನುಗ್ಗೆ ಸೊಪ್ಪು ಇದೆ. ತಾಂಡೂರಿನ ತೊಗರಿಗಂತೂ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿತು. ಸೊಪ್ಪು, ಕಾಳುಗಳಲ್ಲಿ ಕಬ್ಬಿಣದ ಅಂಶವಿರುತ್ತದೆ. ಮೇಲೆ ಒಂದಿಷ್ಟು ನಿಂಬೆರಸ ಹಿಂಡಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಅಷ್ಟು ಹತ್ತುವುದಿಲ್ಲ. (ನಮ್ಮ ಕಡೆ ಚಹಾ ಬಿಡಿಸುವುದು ಸುಲಭದ ಕೆಲಸವಲ್ಲ. ಒಂದು ಗಂಟೆ ತಡವಾಗಿ ಕುಡಿಯಿರಿ ಎಂದರೆ ಯಾರಾದರೂ ಕೇಳಿಯಾರು.)

ಹತ್ತು ವರ್ಷ ದಾಟಿದ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಸರ್ಕಾರಿ ಯೋಜನೆ ಇದೆ. ಅದು ಕಬ್ಬಿಣಾಂಶದ ಮಾತ್ರೆ. ನುಂಗಿದ ಮೇಲೆ ಮಲ ಕಪ್ಪಾಗಬಹುದು, ಕೆಲವರಿಗೆ ಹೊಟ್ಟೆ ತೊಳೆಸಬಹುದು. ಊಟವಾದ ಮೇಲೆ ನುಂಗಿದರೆ ತೊಳೆಸುವುದು ಕಡಿಮೆ. ಕಪ್ಪಾಗುವುದಕ್ಕೆ ಹೆದರಬೇಕಿಲ್ಲ. ಈ ಮಾತನ್ನು ಮೊದಲೇ ಹೇಳದಿದ್ದರೆ ಹೆದರಿದ ಹುಡುಗಿ ಮುಂದಿನ ವಾರದ ಮಾತ್ರೆಯನ್ನು ಎಸೆದುಬಿಡುತ್ತಾಳೆ. ಹಾಡು ಬೇಡ, ಬಣ್ಣದ ಗೊಂಬೆ ಬೇಡ, ಇದನ್ನು ಹೇಳಿದರೆ ಸಾಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಹೀಗೆ ತಮ್ಮ ಮಾತಿನಲ್ಲಿಯೇ ತಿಳಿವಳಿಕೆ ಹೇಳಿದವರು ನಮ್ಮ ನೆರೆಯಲ್ಲಿಯೇ ಇದ್ದಾರೆ. ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ 2008ರ ಅಕ್ಟೋಬರ್ 15ರಂದು 'ಸಂಘಂ ರೇಡಿಯೊ' ಆರಂಭವಾಯಿತು. ಅದನ್ನು ನಡೆಸಿದವರು ಹೊಲದಲ್ಲಿ ದುಡಿಯುವ ದಲಿತ ಹೆಂಗಸರು. ಮುಂದೆ ನಿಂತು ನಡೆಸಿದ ಇಬ್ಬರ ಹೆಸರೂ ನರಸಮ್ಮ. ಗೊಂದಲವಾಗದಿರಲಿ ಎಂದು ಒಬ್ಬರನ್ನು ಜನರಲ್ ನರಸಮ್ಮ, ಇನ್ನೊಬ್ಬರನ್ನು ಅಲ್ಗೋಲ್ ನರಸಮ್ಮ ಎಂದು ಕರೆದರು. ಇದರ ಬೆನ್ನಿಗಿದ್ದದ್ದು ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ. ಅದನ್ನು 1983ರಲ್ಲಿ ಗೆಳೆಯರೊಡನೆ ಕಟ್ಟಿದ ಪಿ.ವಿ. ಸತೀಶ್ ಅವರು ಮೈಸೂರಿನವರು. 2023ರಲ್ಲಿ ಅವರು ತೀರಿಕೊಂಡರು.

ಆ ರೇಡಿಯೊದ ಸಮಯ ಗಮನಿಸಿ. ಸಂಜೆ ಏಳರಿಂದ ಒಂಬತ್ತು. ಅಂದರೆ ಹೊಲದಿಂದ ಬಂದು ಒಲೆ ಹಚ್ಚುವ ಹೊತ್ತು. ಭಾಷೆ ಆ ಸೀಮೆಯ ತೆಲುಗು, ಪುಸ್ತಕದ ತೆಲುಗಲ್ಲ. ಬೀಜ, ಬೆಳೆ, ಅಡುಗೆ, ಆರೋಗ್ಯ, ಹಾಡು ಎಲ್ಲವನ್ನೂ ಊರಿನವರೇ ಹೇಳಿದರು. ಹೇಳುವವಳು ಪರಿಚಯದವಳಾದರೆ ಕೇಳುವವಳು ತಿರುಗಿ ಪ್ರಶ್ನೆಯನ್ನೂ ಕೇಳುತ್ತಾಳೆ.

ಮೊಬೈಲಿಗೂ ಇದೇ ದಾರಿ ಆಗಬಹುದು. 2016ರಲ್ಲಿ ಕೇಂದ್ರ ಸರ್ಕಾರ 'ಕಿಲ್ಕಾರಿ' ಎಂಬ ಸೇವೆ ಆರಂಭಿಸಿತು. ಗರ್ಭಿಣಿಯರಿಗೆ, ಬಾಣಂತಿಯರಿಗೆ ವಾರಕ್ಕೊಮ್ಮೆ ಕರೆ ಮಾಡಿ ಡಾ. ಅನಿತಾ ಎಂಬ ಕಲ್ಪಿತ ವೈದ್ಯೆಯ ದನಿಯಲ್ಲಿ ಮಾತು ಕೇಳಿಸುವ ಸೇವೆ ಅದು. ಓದು ಬಾರದವರೂ ಕೇಳಬಹುದು, ಸಾದಾ ಫೋನೂ ಸಾಕು. ನಮ್ಮ ಗಡಿಯ ಕನ್ನಡದಲ್ಲಿಯೂ ಇಂತಹ ದನಿ ಬೇಕು.

ಮನೆಯ ರೀತಿ ನೀತಿ ಅರಿತು ಮಾತಾಡಬೇಕು ಎಂದರೆ ಎಲ್ಲ ರೂಢಿಗೂ ತಲೆಯಾಡಿಸಬೇಕೆಂದಲ್ಲ. ಅಜ್ಜಿಯನ್ನು ಹೀಗಳೆಯುವ ವೀಡಿಯೊವನ್ನು ಯಾವ ಮೊಮ್ಮಗಳೂ ಮನೆಯಲ್ಲಿ ಹಾಕಲಾರಳು. ಆದರೆ ಮುಟ್ಟಾದಾಗ ಸ್ನಾನ ಬೇಡ, ಸರಿಯಾಗಿ ಉಣ್ಣುವುದು ಬೇಡ ಎಂಬ ಮಾತು ತಪ್ಪು. ಮುಟ್ಟು ರೋಗವಲ್ಲ, ಮೈಲಿಗೆಯೂ ಅಲ್ಲ. ಬೆಳೆಯುವ ಮೈಯ ಲಕ್ಷಣ ಅದು. ಅದನ್ನು ಅಜ್ಜಿಗೂ ಕೇಳುವಂತೆ ಮರ್ಯಾದೆಯಿಂದ ಹೇಳಬೇಕು. ಹುಡುಗರೂ ಕೇಳಲಿ. ತಿಳಿದ ತಮ್ಮ ಅಕ್ಕನನ್ನು ಗೇಲಿ ಮಾಡುವುದಿಲ್ಲ.

ಹುಡುಗಿಯರ ಕೈಗೆ ಫೋನ್ ಬೇಡ ಎನ್ನುವ ಹಿರಿಯರಿದ್ದಾರೆ. ಅವರ ಅಂಜಿಕೆ ಸುಳ್ಳಲ್ಲ, ಫೋನಿನಲ್ಲಿ ಕೆಟ್ಟದ್ದೂ ಬರುತ್ತದೆ. ಹಾಗಿದ್ದರೆ ಶಾಲೆಯಲ್ಲಿಯೋ ಅಂಗನವಾಡಿಯಲ್ಲಿಯೋ ಹುಡುಗಿಯರು ಒಟ್ಟಿಗೆ ಕುಳಿತು ಕೇಳಲಿ, ಜೊತೆಗೆ ಟೀಚರೋ ಆಶಾ ಅಕ್ಕನೋ ಇರಲಿ. ಸಂದೇಶ ಮಾಡುವವರು ಮಾತನ್ನು ಮುದ್ರಿಸುವ ಮೊದಲು ನಾರಾಯಣಖೇಡದ ಒಂದು ಹಳ್ಳಿಗೆ, ತಾಂಡೂರಿನ ಒಂದು ತಾಂಡಾಕ್ಕೆ ಬಂದು ಕುಳಿತುಕೊಳ್ಳಲಿ. ಅಲ್ಲಿನ ಹುಡುಗಿಯರು ಮೊದಲು ಏನು ಕೇಳುತ್ತಾರೋ ಅದರಿಂದಲೇ ಮೊದಲ ಸಂದೇಶ ಆರಂಭವಾಗಲಿ.